ಸೊನ್ನೆ ಮಾಡದೆ ನುಡಿಸಿದ ಹಾಡು

ನನ್ನ ಅಕ್ಕ ಸುಜಾತಾ ಸ್ಟೇಜಿನ ಮೇಲೆ ಹಾಡಿದ್ದು ಒಂದೇ ಸಲ. ಆ ಸಂಜೆ ಅವಳ ದನಿ ಒಡೆಯಿತು, ಜನ ನಕ್ಕರು, ಅವಳು ಮತ್ತೆ ಯಾವ ಸ್ಟೇಜನ್ನೂ ಹತ್ತಲಿಲ್ಲ. ದನಿ ಒಡೆದದ್ದು ಅವಳಿಂದಲ್ಲ, ಪಕ್ಕದಲ್ಲಿ ಕೀಬೋರ್ಡು ನುಡಿಸುತ್ತಿದ್ದ ನನ್ನಿಂದ. ಅದು ನನಗೆ ಹಾಡು ಮುಗಿಯುವ ಮೊದಲೇ ಗೊತ್ತಾಗಿತ್ತು. ಅಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ಮರುದಿನ ಹೇಳಬಹುದಿತ್ತು, ಹೇಳಲಿಲ್ಲ. ಅವಳ ಮದುವೆಯಾಯಿತು, ಬಬಲೇಶ್ವರಕ್ಕೆ ಹೋದಳು, ಮಗಳು ಹುಟ್ಟಿದಳು, ಆ ಮಗಳು ದೊಡ್ಡವಳಾಗಿ ತಾನೂ ಹಾಡಲು ನಿಂತಳು. ಅಲ್ಲಿಯವರೆಗೂ ನಾನು ಬಾಯಿ ಬಿಡಲಿಲ್ಲ.

ವಿಜಯಪುರದಲ್ಲಿ ಈಗ ಬ್ಯಾಂಡ್ ಕಟ್ಟಿಕೊಂಡಿರುವ ಹುಡುಗರು ಕೆಲವರು, ‘ಕಾಕಾ, ನಿಮ್ಮ ಕಾಲದಾಗ ಹೆಂಗಿತ್ತು ಬರೀರಿ, ನಮಗ ಉಪಯೋಗ ಆಕ್ಕೈತಿ’ ಎಂದು ಬೆನ್ನು ಹತ್ತಿದ್ದಾರೆ. ನಾನು ಏಳನೆಯ ಇಯತ್ತೆಯ ನಂತರ ಶಾಲೆ ಕಂಡವನಲ್ಲ. ಬರೆಯಲು ಕುಳಿತರೆ ಎಲ್ಲಿಂದ ಶುರು ಮಾಡಿದರೂ ಈ ಮಾತಿಗೇ ಬಂದು ನಿಲ್ಲುತ್ತೇನೆ. ಅದಕ್ಕೆ ಅದನ್ನೇ ಮೊದಲು ಇಟ್ಟಿದ್ದೇನೆ. ಇದೊಂದನ್ನು ಬಿಟ್ಟರೆ ನನ್ನ ಕಸುಬಿನಲ್ಲಿ ನನಗೆ ಸಿಕ್ಕಿದ್ದೆಲ್ಲ ಒಳ್ಳೆಯದೇ. ಸಿಕ್ಕಿದ ಒಳ್ಳೆಯದರಲ್ಲಿ ಹೆಚ್ಚಿನ ಪಾಲು ಅಕ್ಕನದೇ.

ನಮ್ಮೂರು ತಿಕೋಟಾ. ಅಪ್ಪ ಗೌಂಡಿ, ಮನೆ ಕಟ್ಟುವ ಕೆಲಸ ಮಾಡುತ್ತಿದ್ದ. ನಮ್ಮ ಓಣಿಯ ಬುದ್ಧ ವಿಹಾರದಲ್ಲಿ ಒಂದು ಹಳೆಯ ಪೇಟಿ ಇತ್ತು. ಹಾರ್ಮೋನಿಯಂಗೆ ನಾವು ಪೇಟಿ ಎನ್ನುತ್ತೇವೆ. ಹುಣ್ಣಿಮೆಗೊಮ್ಮೆ ಹಿರಿಯರು ಸೇರಿ ಹಾಡುತ್ತಿದ್ದರು. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಹಿರಿಯರ ಪಕ್ಕ ಕುಳಿತು ನೋಡಿ ನೋಡಿಯೇ ಪೇಟಿ ಕಲಿತಳು. ನನಗೆ ಕಲಿಸಿದವಳೂ ಅವಳೇ. ನನ್ನ ಬೆರಳುಗಳ ಮೇಲೆ ತನ್ನ ಬೆರಳುಗಳನ್ನು ಇಟ್ಟು ಒತ್ತುತ್ತಿದ್ದಳು. ನಾನು ತಪ್ಪಿದರೆ ಬೈಯುತ್ತಿರಲಿಲ್ಲ, ಹಾಡುವುದನ್ನು ನಿಲ್ಲಿಸಿ ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಆ ನೋಟಕ್ಕೆ ನಾನು ಸರಿಯಾದ ಮನೆ, ಅಂದರೆ ಒತ್ತಬೇಕಾದ ಪಟ್ಟಿ, ಹುಡುಕಿಕೊಳ್ಳುತ್ತಿದ್ದೆ. ಇಬ್ಬರಲ್ಲಿ ಚೆನ್ನಾಗಿ ನುಡಿಸುತ್ತಿದ್ದವಳು ಅವಳೇ. ಒಂದು ದಿನ ಪೇಟಿಯನ್ನು ನನ್ನ ಕಡೆ ಸರಿಸಿ, ‘ನೀ ಬಾರಸು, ನಾ ಹಾಡ್ತೀನಿ. ಎರಡೂ ನಾನ ಮಾಡಿದ್ರ ನೀ ಏನ್ ಮಾಡ್ತೀ?’ ಎಂದಳು. ನನ್ನ ಕಸುಬು ಶುರುವಾದದ್ದು ಆ ದಿನ.

ಬ್ಯಾಂಡಿಗೆ ನಾನು ಸೇರಿದ್ದು ರಫೀಕನಿಂದ. ರಫೀಕ ತಿಕೋಟಾದವನೇ, ವಿಜಯಪುರದಲ್ಲಿ ಕಾಲೇಜು ಓದುತ್ತಿದ್ದ, ಡ್ರಮ್ ಬಾರಿಸುತ್ತಿದ್ದ. ಅವನೂ ಅವನ ಗೆಳೆಯರೂ ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದರು. ಹೆಸರು ‘ಡೋಣಿ’. ನಮ್ಮ ಕಡೆಯ ಹೊಳೆಯ ಹೆಸರು. ಬೇಸಿಗೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ, ಬಂತೆಂದರೆ ಸದ್ದು ಮಾಡಿಕೊಂಡೇ ಬರುತ್ತದೆ ಎಂದು ಆ ಹೆಸರಿಟ್ಟಿದ್ದರು. ಬ್ಯಾಂಡಿನ ಮುಖ್ಯಸ್ಥ ವಿನಾಯಕ ಸರ್. ಬ್ಯಾಂಕಿನಲ್ಲಿ ನೌಕರಿ, ಗಿಟಾರ್ ನುಡಿಸುತ್ತಲೇ ಹಾಡುವವರು. ಊರಿನವರು ಬರೆದ ಹಾಡುಗಳಿಗೆ, ತತ್ವಪದಗಳಿಗೆ ಗಿಟಾರು ಡ್ರಮ್ಮು ಕೂಡಿಸಿ ಹಾಡುವುದು ಅವರ ಹುಚ್ಚು. ಅವರ ಬಳಿ ಒಂದು ಕೀಬೋರ್ಡು ಇತ್ತು, ನುಡಿಸುವವರಿರಲಿಲ್ಲ.

ಅಭ್ಯಾಸ ನಡೆಯುತ್ತಿದ್ದದ್ದು ತಿಕೋಟಾದಲ್ಲಿ, ರಫೀಕನ ಕಾಕಾನ ಒಣದ್ರಾಕ್ಷಿ ಶೆಡ್ಡಿನಲ್ಲಿ. ಸುಗ್ಗಿ ಮುಗಿದ ಮೇಲೆ ಶೆಡ್ಡು ಖಾಲಿ ಇರುತ್ತಿತ್ತು. ಮೊದಲ ದಿನ ನಾನು ಕೀಬೋರ್ಡಿನ ಮುಂದೆ ನಿಂತೆ. ಬಲಗೈ ಸರಿಯಾಗಿ ನಡೆಯಿತು. ಎಡಗೈ ಮಾತ್ರ ಗಾಳಿಯಲ್ಲಿ ಹಿಂದೆ ಮುಂದೆ ಆಡುತ್ತಿತ್ತು. ಪೇಟಿಗೆ ಎಡಗೈಯಿಂದ ಗಾಳಿ ಹಾಕಬೇಕಲ್ಲ, ಆ ರೂಢಿ. ರಫೀಕ ಡ್ರಮ್ ನಿಲ್ಲಿಸಿದ.

‘ಏನಲೇ ಪರಸು, ಎಡಗೈಲೆ ಯಾರಿಗೆ ಬೀಸಣಿಕಿ ಬೀಸಾಕತ್ತಿ?’

ಎಲ್ಲರೂ ನಕ್ಕರು, ನಾನೂ ನಕ್ಕೆ. ವಿನಾಯಕ ಸರ್ ನಗಲಿಲ್ಲ. ಎದ್ದು ಬಂದು ನನ್ನ ಎಡಗೈ ಹಿಡಿದು ಕೀಬೋರ್ಡಿನ ಮೇಲಿಟ್ಟು, ‘ಈ ಕೈಗೂ ಇಲ್ಲೆ ಕೆಲಸ ಐತಿ’ ಎಂದರು. ಮೂರು ಬೆರಳಲ್ಲಿ ಮೂರು ಸ್ವರ ಕೂಡಿಸಿ ಒತ್ತುವುದನ್ನು ತೋರಿಸಿದರು. ಪೇಟಿಯಲ್ಲಿ ನಾನು ಹಾಡಿನ ದಾರಿಯನ್ನೇ ಹಿಡಿದು ಹೋಗುತ್ತಿದ್ದೆ. ಹಾಡು ನಡೆಯುವುದಕ್ಕೆ ನೆಲ ಹಾಸುವುದೂ ಒಂದು ಕೆಲಸ ಎಂದು ತಿಳಿದದ್ದು ಆ ದಿನ. ಓದಿದವರು ಓದದವನಿಗೆ ಇಷ್ಟು ತಾಳ್ಮೆಯಿಂದ ಕಲಿಸುವುದನ್ನು ನಾನು ಆಮೇಲೂ ಹೆಚ್ಚು ಕಂಡಿಲ್ಲ.

ತಾಳ್ಮೆ ಇದ್ದಷ್ಟೇ ಶಿಸ್ತೂ ಇತ್ತು. ಅವರ ಬ್ಯಾಂಡಿನಲ್ಲಿ ಒಂದು ಕಟ್ಟಳೆ: ಕಾರ್ಯಕ್ರಮದಲ್ಲಿ ಯಾರು ತಪ್ಪು ಮಾಡುತ್ತಾರೋ ಅವರೇ ಕೊನೆಗೆ ಎಲ್ಲರ ವೈರುಗಳನ್ನು ಸುತ್ತಬೇಕು. ಬೈಗುಳವಿಲ್ಲ, ಲೆಕ್ಕಾಚಾರವಿಲ್ಲ. ತಪ್ಪಿದವನು ತಾನಾಗಿ ವೈರಿನ ಮುಂದೆ ಹೋಗಿ ಕೂರಬೇಕು. ವೈರು ಸುತ್ತಿ ಮುಗಿದರೆ ತಪ್ಪೂ ಮುಗಿಯಿತು, ಮತ್ತೆ ಯಾರೂ ಅದರ ಸುದ್ದಿ ಎತ್ತುವಂತಿಲ್ಲ. ಹೊಸದಾಗಿ ಬ್ಯಾಂಡ್ ಕಟ್ಟುವವರಿಗೆ ನಾನು ಹೇಳುವ ಒಂದೇ ಬುದ್ಧಿಮಾತು ಇದ್ದರೆ, ಈ ಕಟ್ಟಳೆ ಇಟ್ಟುಕೊಳ್ಳಿ ಎಂಬುದೇ.

ನಾನು ಬಹಳ ವೈರು ಸುತ್ತಿದವನು. ಮೊದಲ ವರ್ಷ ಕೀಬೋರ್ಡನ್ನು ಆ ಶೆಡ್ಡಿನಲ್ಲೇ ಇಟ್ಟು ಮನೆಗೆ ಬರುತ್ತಿದ್ದೆ. ಸುಗ್ಗಿ ಬಂದಾಗ ಅಲ್ಲಿ ದ್ರಾಕ್ಷಿಗೆ ಗಂಧಕದ ಹೊಗೆ ಕೊಡುತ್ತಾರೆ. ಆ ಹೊಗೆ ಎಲ್ಲ ವೈರುಗಳ ಜಾಕಿನ ತುದಿಗೆ ಹತ್ತಿ ಕಪ್ಪಾಗಿ, ಬಬಲೇಶ್ವರದ ಕಾರ್ಯಕ್ರಮದಲ್ಲಿ ಕೀಬೋರ್ಡು ಕರ್ ಕರ್ ಎನ್ನುವುದು ಬಿಟ್ಟು ಬೇರೆ ಸದ್ದೇ ಮಾಡಲಿಲ್ಲ. ತಿಕೋಟಾದ ರೇಡಿಯೋ ರಿಪೇರಿಯವರು ಒಬ್ಬರು ಬಿಡಿಸಿ, ಒರೆಸಿ ಕೊಟ್ಟರು. ‘ಕೂಸಿನಂಗ ಮಲಗಿಸ್ಕೊಂಡು ಹೋಗ್ರಿ ಮನಿಗೆ’ ಎಂದರು. ಅಂದಿನಿಂದ ಅದು ನಮ್ಮ ಮನೆಯಲ್ಲಿ ಅಕ್ಕ ಹೊಲಿದುಕೊಟ್ಟ ಕೌದಿಯ ಕೆಳಗೆ ಮಲಗುತ್ತಿತ್ತು.

ಜೈನಾಪುರದಲ್ಲಿ ಹಾಡಿನ ನಡುವೆ ಕರೆಂಟು ಹೋಯಿತು. ಗಿಟಾರು, ಕೀಬೋರ್ಡು ಎಲ್ಲ ಮೂಕ. ರಫೀಕನ ಡ್ರಮ್ ಒಂದೇ ನಡೆಯುತ್ತಿತ್ತು. ಜನ ಎದ್ದು ಹೋಗಲಿಲ್ಲ, ಡ್ರಮ್ಮಿಗೆ ಚಪ್ಪಾಳೆ ಹಾಕುತ್ತ ಹಾಡನ್ನು ತಾವೇ ಮುಗಿಸಿದರು. ಕರೆಂಟಿನ ಮೇಲೆ ನುಡಿಸುವ ನಮ್ಮಂಥವರಿಗೆ ಜನರೇ ದೊಡ್ಡ ಜನರೇಟರ್ ಎಂದು ರಫೀಕ ಈಗಲೂ ಹೇಳುತ್ತಾನೆ. ಕಾಖಂಡಕಿಯಲ್ಲಿ ಒಬ್ಬ ಮುದುಕರು ಸ್ಟೇಜಿನ ಹತ್ತಿರ ಬಂದು ನನ್ನನ್ನು ಕರೆದರು. ‘ತಮ್ಮಾ, ಎಲ್ಲಾ ಛಲೋ ಬಾರಿಸ್ತಿ. ಆದ್ರ ಹಾಡಾಂವ ಉಸುರು ತೊಗೊಳ್ಳುವಾಗ ನೀನೂ ಸ್ವಲ್ಪ ಸುಮ್ಮನಿರು’ ಎಂದರು. ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾರೂ ಹೇಳಿಲ್ಲ. ಅವರ ಹೆಸರು ಕೇಳಿಕೊಳ್ಳಲಿಲ್ಲ ಎಂಬ ಕೊರಗು ಇದೆ.

ಅರಕೇರಿಯದು ನಗುವಂಥದು. ಒಂದು ಮದುವೆಗೆ ಕರೆದಿದ್ದರು. ತಾಳಿ ಕಟ್ಟುವ ಹೊತ್ತು, ಎಲ್ಲರೂ ಕೈಯಲ್ಲಿ ಅಕ್ಷತೆ ಹಿಡಿದು ನಿಂತಿದ್ದಾರೆ. ನನ್ನ ಮೊಣಕೈ ಕೀಬೋರ್ಡಿನ ಡೆಮೊ ಗುಂಡಿಗೆ ತಾಗಿತು. ಆ ಗುಂಡಿ ಒತ್ತಿದರೆ ಕಂಪನಿಯವರು ತುಂಬಿಟ್ಟ ಟ್ಯೂನು ತಾನೇ ಬಾರಿಸಿಕೊಳ್ಳುತ್ತದೆ. ಯಾವುದೋ ದೇಶದ ಕುದುರೆ ಓಟದಂಥ ಟ್ಯೂನು ಮೈಕಿನಲ್ಲಿ ಶುರುವಾಯಿತು. ನಿಲ್ಲಿಸಲು ಎರಡು ಗುಂಡಿ ಒತ್ತಿದರೆ ಇನ್ನೂ ಜೋರಾಯಿತು. ಮದುಮಗ ತಾಳಿ ಹಿಡಿದುಕೊಂಡೇ ನನ್ನ ಕಡೆ ನೋಡಿದ. ಕೊನೆಗೆ ನಾನು ವೈರನ್ನೇ ಕಿತ್ತೆ. ಅಂದು ಎಲ್ಲರಿಗಿಂತ ಮೊದಲು ಹೋಗಿ ವೈರು ಸುತ್ತಲು ಕುಳಿತೆ. ಆದರೆ ವಿನಾಯಕ ಸರ್ ಆ ದಿನ ಕಟ್ಟಳೆ ಮೀರಿ ಒಂದು ಮಾತು ಆಡಿದರು.

‘ಪರಸು, ಇನ್ನೊಮ್ಮೆ ಗುಂಡಿ ವಿಷಯದಾಗ ತಪ್ಪಿದಿ ಅಂದ್ರ ನಾ ಬ್ಯಾರೆಯವರನ್ನ ನೋಡಬೇಕಾಗ್ತದ. ಕಾಲೇಜಿನಾಗ ಒಬ್ಬ ಹುಡುಗ ತನ್ನದ ಕೀಬೋರ್ಡ್ ಇಟ್ಕೊಂಡು ಕೇಳಾಕತ್ತಾನ.’

ಅದು ನನ್ನ ಎದೆಯಲ್ಲಿ ಕುಳಿತುಬಿಟ್ಟಿತು. ಆ ಬ್ಯಾಂಡು ಬಿಟ್ಟರೆ ನನಗೆ ಅಪ್ಪನ ಕರಣೆಯೇ ಗತಿ. ಗೌಂಡಿ ಕೆಲಸ ಕೀಳು ಎಂದಲ್ಲ, ಆದರೆ ಒಮ್ಮೆ ಆ ಕಪ್ಪು ಬಿಳಿ ಮನೆಗಳ ಮುಂದೆ ನಿಂತವನಿಗೆ ಬೇರೆ ಯಾವುದೂ ಬೇಡವಾಗುತ್ತದೆ.

ಇಲ್ಲಿ ಒಂದು ಗುಂಡಿಯ ವಿಷಯ ಬಿಡಿಸಿ ಹೇಳಬೇಕು. ಕೀಬೋರ್ಡು ಹಿಡಿಯುವ ಮಕ್ಕಳಿಗೆ ಗೊತ್ತಿರುತ್ತದೆ, ಉಳಿದವರಿಗಾಗಿ ಹೇಳುತ್ತೇನೆ. ಹಾಡುವವರ ಶ್ರುತಿ ಬದಲಾದರೆ ಪೇಟಿಯವನು ಬೆರಳಿಡುವ ಮನೆಗಳನ್ನು ಬದಲಿಸಬೇಕು. ಕೀಬೋರ್ಡಿನಲ್ಲಿ ಆ ಕಷ್ಟವಿಲ್ಲ. ಟ್ರಾನ್ಸ್‌ಪೋಸ್ ಎಂಬ ಗುಂಡಿ ಒತ್ತಿದರೆ ಇಡೀ ಕೀಬೋರ್ಡಿನ ಶ್ರುತಿಯೇ ಮೇಲೆ ಕೆಳಗೆ ಸರಿಯುತ್ತದೆ. ಬೆರಳು ಮಾತ್ರ ಗೊತ್ತಿರುವ ಮನೆಯಲ್ಲೇ ಓಡಾಡಬಹುದು. ಎಷ್ಟು ಸರಿದಿದೆ ಎಂದು ಸಣ್ಣ ಪರದೆಯಲ್ಲಿ ಒಂದು ಅಂಕಿ ಕಾಣುತ್ತದೆ. ಸರಿಯದೆ ಇದ್ದರೆ ಸೊನ್ನೆ. ಈ ಅಂಕಿ ಕಾಣುವುದು ನುಡಿಸುವವನಿಗೆ ಮಾತ್ರ. ವಿನಾಯಕ ಸರ್ ಅದನ್ನು ಒಪ್ಪುತ್ತಿರಲಿಲ್ಲ. ‘ಗುಂಡಿ ಚಟ ಬ್ಯಾಡ, ಎಲ್ಲಾ ಮನೀ ಕಲಿ’ ಎನ್ನುತ್ತಿದ್ದರು. ನಾನು ಕಲಿತಿರಲಿಲ್ಲ. ಅವರ ಹಾಡುಗಳಿಗೆ ಗುಂಡಿ ಒತ್ತಿಯೇ ಸಾಗಿಸುತ್ತಿದ್ದೆ.

ಅಕ್ಕ ಆಗಾಗ ಶೆಡ್ಡಿಗೆ ನಮಗೆಲ್ಲ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು. ಒಂದು ಮಧ್ಯಾಹ್ನ ನಮ್ಮ ಊಟ ಮುಗಿಯುವವರೆಗೆ ಮೂಲೆಯಲ್ಲಿ ಕುಳಿತು, ವಿಹಾರದಲ್ಲಿ ಹಾಡುವ ಹುಣ್ಣಿಮೆಯ ಹಾಡನ್ನು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ತಗಡಿನ ಶೆಡ್ಡಿನಲ್ಲಿ ಆ ದನಿ ತುಂಬಿಕೊಂಡಿತು. ವಿನಾಯಕ ಸರ್ ತುತ್ತು ಹಿಡಿದ ಕೈಯನ್ನು ಬಾಯಿಗೆ ಒಯ್ಯಲಿಲ್ಲ.

‘ಸುಜಾತಾ, ಬರೋ ವಾರ ಕಾಲೇಜಿನ ಗ್ಯಾದರಿಂಗ್‌ನಾಗ ಈ ಹಾಡು ನೀ ಹಾಡಬೇಕು. ನಿನ್ನ ದನಿಗೆ ಗಿಟಾರ್ ಬ್ಯಾಡ. ಪರಸು ಪೇಟಿ ಟೋನ್ ಹಿಡೀಲಿ, ರಫೀಕ ಸಣ್ಣಗ ತಾಳ ಕೊಡಲಿ. ಸಾಕು.’

‘ನನಗ ಸ್ಟೇಜ್ ಗೊತ್ತಿಲ್ರಿ ಸರ್.’

‘ಪರಸು ಬಾಜೂಕ ಇರ್ತಾನಲ್ಲ.’

ಅಕ್ಕ ನನ್ನ ಕಡೆ ನೋಡಿ, ‘ಹಂಗಂದ್ರ ಹಾಡ್ತೀನ್ರಿ’ ಎಂದಳು.

ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ವಿಜಯಪುರದ ಒಂದು ಕಾಲೇಜಿನ ಮೈದಾನದಲ್ಲಿ. ಸಂಜೆಯ ಬೆಳಕು ಇನ್ನೂ ಇತ್ತು. ಅಕ್ಕ ಅವ್ವನ ಇಳಕಲ್ ಸೀರೆ ಉಟ್ಟಿದ್ದಳು. ಅವಳ ಹಾಡು ಕೊನೆಗೆ ಎಂದು ಮೊದಲೇ ಮಾತಾಗಿತ್ತು. ವಿನಾಯಕ ಸರ್ ತಮ್ಮ ಹಾಡೊಂದನ್ನು ಹಾಡಿ ಮುಗಿಸುವಾಗ ಅವರ ಗಿಟಾರಿನ ತಂತಿ ಹರಿಯಿತು. ಅವರು ನನ್ನ ಕಿವಿಯಲ್ಲಿ, ‘ಅಕ್ಕಗ ಈಗ ಕರಿ, ನಾ ತಂತಿ ಹಾಕ್ಕೊಂಡು ಬರ್ತೀನಿ’ ಎಂದು ಸ್ಟೇಜಿನ ಹಿಂದೆ ಇಳಿದರು. ಬೇಸ್ ಗಿಟಾರಿನವನು ತಂತಿ ಬಿಗಿಯಲು ನೆರವಾಗುವುದಕ್ಕೆ ಅವರ ಹಿಂದೆ ಹೋದ. ಜನ ಸೀಟಿ ಹೊಡೆಯಲು ಶುರು ಮಾಡಿದ್ದರು. ನಾನು ಅವಸರದಲ್ಲಿ ಅಕ್ಕನನ್ನು ಕೈಮಾಡಿ ಕರೆದೆ, ಪೇಟಿಯ ಟೋನಿಗೆ ಬದಲಿಸಿದೆ, ಗೊತ್ತಿದ್ದ ಮನೆಗಳ ಮೇಲೆ ಬೆರಳಿಟ್ಟು ನುಡಿಸಿದೆ. ಸರ್ ಹಾಡಿಗೆ ಮೂರು ಮನೆ ಮೇಲೇರಿಸಿದ್ದ ಶ್ರುತಿಯನ್ನು ಇಳಿಸಿ ಸೊನ್ನೆಗೆ ತರಲಿಲ್ಲ. ಮರೆತೆ.

ಅಕ್ಕ ನಾನು ಕೊಟ್ಟ ಶ್ರುತಿಯನ್ನೇ ಹಿಡಿದಳು. ತಮ್ಮ ಕೊಟ್ಟದ್ದು ಸರಿಯೇ ಇರುತ್ತದೆ ಎಂದುಕೊಂಡಳು. ಪಲ್ಲವಿ ಹೇಗೋ ದಾಟಿತು. ಮೊದಲ ಚರಣದಲ್ಲಿ ಮೇಲಿನ ಸ್ವರಕ್ಕೆ ಹೋದಾಗ ದನಿ ಚೀರಿದಂತಾಗಿ ಒಡೆಯಿತು. ಯಾರೋ ಹಿಂದಿನಿಂದ ಅದೇ ಚೀರನ್ನು ಅಣಕಿಸಿದರು. ಜನ ನಕ್ಕರು. ನಾನು ಆಗ ಪರದೆ ನೋಡಿದೆ. ಅಲ್ಲಿ ಮೂರು ಎಂದಿತ್ತು.

ಮರೆತದ್ದು ಅವಸರದ ತಪ್ಪು, ಅದನ್ನು ಯಾರಾದರೂ ಕ್ಷಮಿಸಬಹುದು. ಮುಂದಿನದು ಹಾಗಲ್ಲ. ಎರಡನೆಯ ಚರಣಕ್ಕೆ ಮೊದಲು ನಾನೊಬ್ಬನೇ ನುಡಿಸುವ ಜಾಗವಿತ್ತು. ಅಲ್ಲಿ ಗುಂಡಿ ಒತ್ತಿ ಸೊನ್ನೆಗೆ ತರಬಹುದಿತ್ತು. ತಂದರೆ ಶ್ರುತಿ ಥಟ್ಟನೆ ಇಳಿದು, ತಪ್ಪು ಕೀಬೋರ್ಡಿನದು ಎಂದು ಇಡೀ ಮೈದಾನಕ್ಕೆ ಗೊತ್ತಾಗುತ್ತಿತ್ತು. ವಿನಾಯಕ ಸರ್‌ಗೂ. ಅಕ್ಕ ಹಾಡುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿ ನೋಡಿದಳು. ಸಣ್ಣವನಿದ್ದಾಗ ವಿಹಾರದಲ್ಲಿ ನೋಡುತ್ತಿದ್ದಳಲ್ಲ, ಅದೇ ನೋಟ. ನಾನು ತಲೆ ತಗ್ಗಿಸಿ ಕೀಬೋರ್ಡನ್ನೇ ನೋಡುತ್ತ ಅದೇ ಶ್ರುತಿಯಲ್ಲಿ ನುಡಿಸಿದೆ. ಅವಳು ಎರಡನೆಯ ಚರಣವನ್ನೂ ಹತ್ತಿದಳು. ಮತ್ತೆ ಒಡೆಯಿತು. ಮೈಕನ್ನು ಮೆಲ್ಲಗೆ ಸ್ಟ್ಯಾಂಡಿಗೆ ಸಿಕ್ಕಿಸಿ, ಸೆರಗು ಸರಿ ಮಾಡಿಕೊಂಡು, ಹಿಂದಿನ ಮೆಟ್ಟಿಲಿಂದ ಇಳಿದು ಹೋದಳು.

ಕಾರ್ಯಕ್ರಮ ಮುಗಿದ ಮೇಲೆ ವಿನಾಯಕ ಸರ್ ಕೇಳಿದರು, ‘ಏನಾತು ಆಕಿಗೆ? ಶೆಡ್ಡಿನಾಗ ಎಷ್ಟು ಛಲೋ ಹಾಡಿದ್ಲು.’

‘ಅಂಜ್ಯಾಳ್ರಿ’ ಎಂದೆ ನಾನು.

ಸ್ಟೇಜಿನ ಹಿಂದೆ ಹೋದರೆ ಅಕ್ಕ ನೆಲದ ಮೇಲೆ ಕುಳಿತಿದ್ದಳು. ಅವ್ವನ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿ ವೈರು ಸುತ್ತುತ್ತಿದ್ದಳು. ಗಿಟಾರಿನದು, ಮೈಕಿನದು, ನನ್ನ ಕೀಬೋರ್ಡಿನದು.

‘ಯಕ್ಕಾ, ನೀ ಯಾಕ ಸುತ್ತಾಕತ್ತಿ?’

‘ತಪ್ಪು ಮಾಡಿದವ್ರು ಸುತ್ತಬೇಕಂತಲ್ಲ ನಿಮ್ಮಲ್ಲೆ’ ಎಂದಳು. ತಲೆ ಎತ್ತಲಿಲ್ಲ.

ನಾನು ಹೇಳಿದ್ದು ಏನು ಗೊತ್ತೇ? ‘ಇರಲಿ ಬಿಡು, ಮೊದಲ ಸಲ ಎಲ್ಲಾರಿಗೂ ಹಿಂಗ ಆಕ್ಕೈತಿ.’ ಸುಳ್ಳನ್ನು ಸಮಾಧಾನದ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಅವಳು ಅದನ್ನು ನಂಬಿ ಮನೆಗೆ ಒಯ್ದಳು.

ಮುಂದಿನ ಕಾರ್ಯಕ್ರಮದಿಂದ ನಾನು ಪ್ರತಿ ಹಾಡಿನ ಮೊದಲು ಪರದೆ ನೋಡಿ ‘ಸೊನ್ನಿ’ ಎಂದು ಗಟ್ಟಿಯಾಗಿ ಕೂಗತೊಡಗಿದೆ. ಶ್ರುತಿ ಬದಲಿಸಬೇಕಾದರೂ ಮೊದಲು ಸೊನ್ನೆಗೆ ತಂದು, ಕೂಗಿ, ಆಮೇಲೆ ಬದಲಿಸುವುದು. ಆ ವರ್ಷವೇ ಹಟ ಹಿಡಿದು ಎಲ್ಲ ಮನೆಗಳನ್ನೂ ಕಲಿತೆ. ಗುಂಡಿ ಬಿಟ್ಟೆ, ಕೂಗುವುದನ್ನು ಬಿಡಲಿಲ್ಲ. ವಿನಾಯಕ ಸರ್‌ಗೆ ಅದು ಬಹಳ ಹಿಡಿಸಿತು. ‘ನೋಡ್ರಿ, ಶಿಸ್ತು ಅಂದ್ರ ಇದು’ ಎಂದು ಬೇರೆ ಬ್ಯಾಂಡಿನವರಿಗೆ ತೋರಿಸುತ್ತಿದ್ದರು. ಜನ ನನಗೆ ‘ಸೊನ್ನಿ ಪರಸು’ ಎಂದೇ ಹೆಸರಿಟ್ಟರು. ನಾನು ಕಲಿಸಿದ ಹುಡುಗರು ಅದನ್ನೇ ಮಾಡಿದರು, ಅವರಿಂದ ಕಲಿತವರೂ ಮಾಡಿದರು. ಈ ಭಾಗದಲ್ಲಿ ಯಾವ ಬ್ಯಾಂಡಿಗೆ ಹೋದರೂ ಕೀಬೋರ್ಡಿನವನು ಹಾಡಿಗೆ ಮೊದಲು ‘ಸೊನ್ನಿ’ ಎನ್ನುತ್ತಾನೆ. ಯಾಕೆ ಎಂದು ಕೇಳಿದರೆ, ‘ನಮ್ಮ ಗುರುಗಳ ಪದ್ಧತಿ’ ಎನ್ನುತ್ತಾನೆ. ತಪ್ಪು ಅಕ್ಕನ ಹೆಸರಿಗೆ ಹೋಯಿತು, ಅದೇ ತಪ್ಪಿನಿಂದ ಹುಟ್ಟಿದ ಹೆಸರು ನನಗೆ ಬಂತು.

ಹೊಗಳಿಕೆ ಕೇಳಿದಾಗೆಲ್ಲ ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ. ಆದರೂ ಕೆಲಸ ನನ್ನನ್ನು ಚೆನ್ನಾಗಿ ನೋಡಿಕೊಂಡಿತು ಎಂದು ಹೇಳಲೇಬೇಕು. ಫ್ಲಾಪಿ ಡಿಸ್ಕಿನಲ್ಲಿ ಟೋನು ತುಂಬಿಕೊಂಡು ಓಡಾಡುವ ಕಾಲ ಬಂತು. ನಮ್ಮ ಎರೆಮಣ್ಣಿನ ಧೂಳಿಗೆ ಅವು ಬೇಗ ಸಾಯುತ್ತಿದ್ದವು. ಆಮೇಲೆ ಪೆನ್‌ಡ್ರೈವ್, ಆಮೇಲೆ ಲ್ಯಾಪ್‌ಟಾಪ್. ಈಗ ಹುಡುಗರು ಅರ್ಧ ಹಾಡನ್ನು ಮೊದಲೇ ತುಂಬಿಟ್ಟುಕೊಂಡು ಬರುತ್ತಾರೆ. ಹಳಬರು ಅದನ್ನು ಬೈಯುತ್ತಾರೆ, ನಾನು ಬೈಯುವುದಿಲ್ಲ. ನಾನೂ ಒಂದು ಗುಂಡಿಯ ಮರೆಯಲ್ಲಿ ವರ್ಷಗಟ್ಟಲೆ ಸಾಗಿಸಿದವನೇ. ಯಂತ್ರ ಎಷ್ಟೇ ಬದಲಾದರೂ ಹಾಡುವವರ ಉಸಿರನ್ನು ಕಾಯುವ ಕೆಲಸ ಬದಲಾಗಿಲ್ಲ. ಕಾಖಂಡಕಿಯ ಮುದುಕರು ಹೇಳಿದ್ದು ಲ್ಯಾಪ್‌ಟಾಪಿನವರಿಗೂ ಸಲ್ಲುತ್ತದೆ.

ಈಚೆಗೆ ನನ್ನ ಬಲಗೈಯ ಎರಡು ಬೆರಳು ಸೆಟೆದುಕೊಂಡವು. ಬಿಸಿನೀರಿನಲ್ಲಿ ಅದ್ದಿ, ತಿಕ್ಕಿ, ಹೇಗೋ ಎರಡು ವರ್ಷ ಎಳೆದೆ. ಹಾಡು ಕಾಯುವುದು ಬಿಟ್ಟು ಬೆರಳು ಕಾಯುವ ಸ್ಥಿತಿ ಬಂದಾಗ ನಿಲ್ಲಿಸಿದೆ. ಹುಡುಗರು ಕೈಬಿಟ್ಟಿಲ್ಲ. ಸೌಂಡ್ ಚೆಕ್ಕಿಗೆ ಕರೆದು, ಕುರ್ಚಿ ಹಾಕಿ ಕೂರಿಸಿ, ‘ಕಾಕಾ, ಹೆಂಗ ಕೇಳಾಕತ್ತೈತಿ?’ ಎನ್ನುತ್ತಾರೆ. ಅವರ ಋಣ ದೊಡ್ಡದು.

ಅಕ್ಕ ಬಬಲೇಶ್ವರದಲ್ಲಿ ಅಂಗನವಾಡಿ ಟೀಚರ್. ಕೂಸುಗಳಿಗೆ ಹಾಡು ಕಲಿಸುತ್ತಾಳೆ, ದೊಡ್ಡವರು ಯಾರಾದರೂ ಬಾಗಿಲಿಗೆ ಬಂದರೆ ಹಾಡು ನಿಲ್ಲಿಸುತ್ತಾಳೆ. ಅವಳ ಮಗಳು ಸಂಘಮಿತ್ರಾ ವಿಜಯಪುರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅಕ್ಕನ ದನಿಯೇ ಅವಳಿಗೆ ಬಂದಿದೆ. ನನ್ನ ಹುಡುಗರ ಬ್ಯಾಂಡು ಅವಳನ್ನು ಹಾಡಲು ಕರೆಯಿತು. ಅಕ್ಕ ಬೇಡವೇ ಬೇಡ ಎಂದಳು. ಮಿತ್ರಾ ಅಳುತ್ತ ನನ್ನ ಹತ್ತಿರ ಬಂದಳು.

‘ಮಾಮಾ, ಅವ್ವ ಏನಂತಾಳ ಗೊತ್ತೇನು? ನಮ್ಮ ಮನಿ ಹೆಣ್ಣಮಕ್ಕಳ ಗಂಟಲಕ್ಕ ಸ್ಟೇಜ್ ಆಗಿಬರಂಗಿಲ್ಲಂತ. ನಾ ಅನುಭವಿಸೀನಿ, ನೀ ಅನುಭವಿಸೋದು ಬ್ಯಾಡ ಅಂತಾಳ. ನೀವಾರ ಹೇಳ್ರಿ.’

ಅಕ್ಕ ಹಾಡು ಬಿಟ್ಟಳು ಎಂದಷ್ಟೇ ತಿಳಿದಿದ್ದೆ. ತನ್ನ ಗಂಟಲಿನಲ್ಲೇ ದೋಷವಿದೆ ಎಂದು ನಂಬಿದ್ದಾಳೆ, ಆ ನಂಬಿಕೆಯನ್ನು ಮಗಳ ಕೊರಳಿಗೂ ಕಟ್ಟುತ್ತಿದ್ದಾಳೆ ಎಂದು ತಿಳಿದಿರಲಿಲ್ಲ. ‘ಹೇಳ್ತೀನವ್ವಾ’ ಎಂದೆ.

ಈ ವರ್ಷ ಬುದ್ಧ ಪೂರ್ಣಿಮೆಗೆ ತಿಕೋಟಾದ ನಮ್ಮ ವಿಹಾರದ ಮುಂದೆ ಆ ಹುಡುಗರದೇ ಕಾರ್ಯಕ್ರಮ. ತವರೂರು ಎಂದು ಅಕ್ಕನೂ ಮಗಳೊಂದಿಗೆ ಬಂದಿದ್ದಳು. ಸಂಜೆಯ ಕಾರ್ಯಕ್ರಮಕ್ಕೆ ಮಧ್ಯಾಹ್ನ ಸೌಂಡ್ ಚೆಕ್ ನಡೆದಿತ್ತು. ಕುರ್ಚಿ ಹಾಕುವವರು ಹಾಕುತ್ತಿದ್ದರು, ಓಣಿಯ ಹೆಂಗಸರು ಕಟ್ಟೆಯ ಮೇಲೆ ಕುಳಿತು ಮಾತಾಡುತ್ತಿದ್ದರು. ನಾನು, ಅಕ್ಕ, ಮಿತ್ರಾ, ರಫೀಕ ಮುಂದಿನ ಸಾಲಿನಲ್ಲಿ ಕುಳಿತಿದ್ದೆವು. ರಫೀಕನಿಗೆ ಈಗ ಸ್ವಂತ ದ್ರಾಕ್ಷಿ ಶೆಡ್ಡು, ದೊಡ್ಡ ಹೊಟ್ಟೆ.

ಸ್ಟೇಜಿನ ಮೇಲೆ ಕೀಬೋರ್ಡಿನ ಹುಡುಗ ‘ಸೊನ್ನಿ’ ಎಂದು ಕೂಗಿದ.

‘ಹಂಗ್ಯಾಕ ಅಂತಾರ?’ ಎಂದು ಮಿತ್ರಾ ಕೇಳಿದಳು.

ಅಕ್ಕನೇ ಉತ್ತರ ಕೊಟ್ಟಳು. ‘ನಿಮ್ಮ ಮಾಮಾ ಕಲಿಸಿದ್ದು ಅದು. ಭಾಳ ಹುಷಾರ್ ಮನಶಾ ನಮ್ಮ ಪರಸು. ಒಂದ ಸುರ ಹೆಚ್ಚು ಕಮ್ಮಿ ಆಗಗೊಡಂಗಿಲ್ಲ.’

ಅವಳ ಮಾತಿನಲ್ಲಿ ಹೆಮ್ಮೆ ಇತ್ತು. ಅದಕ್ಕಿಂತ ಅವಳು ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು.

‘ಯಕ್ಕಾ’ ಎಂದೆ, ‘ಕಾಲೇಜಿನ ಗ್ಯಾದರಿಂಗ್ ನೆನಪೈತೇನು?’

‘ಅದ್ಯಾಕ ಈಗ?’

‘ಅವತ್ತು ನಾ ಸೊನ್ನಿ ಮಾಡಿರಲಿಲ್ಲ. ಸರ್ ಹಾಡಿಗೆ ಏರಿಸಿದ್ದು ಇಳಿಸಿರಲಿಲ್ಲ. ನಿನ್ನ ಹಾಡು ಮೂರು ಮನಿ ಮ್ಯಾಲ ನಡದಿತ್ತು. ಯಾರ ದನಿ ಆದ್ರೂ ಒಡೀತಿತ್ತು.’

ಅಕ್ಕ ನನ್ನನ್ನೇ ನೋಡಿದಳು. ಮೊದಲು ಮಾತಾಡಿದವನು ರಫೀಕ.

‘ಯಪ್ಪಾ, ನಾ ಡ್ರಮ್ ಜೋರ್ ಬಾರಿಸಿದ್ದಕ್ಕ ಆಕಿ ದನಿ ಎಳೀಲಿಕ್ಕೆ ಹೋಗಿ ಒಡೀತು ಅಂತ ಇಷ್ಟು ದಿನ ನಾ ಕೊರಗಾಕತ್ತಿದ್ನೆಲ್ಲೋ. ಅದಕ್ಕ ಹೆಣ್ಣಮಕ್ಕಳು ಹಾಡಿದ್ರ ಬೆರಳ ತುದೀಲೆ ಬಾರಿಸ್ತಿದ್ದೆ ನಾನು.’

ಅಕ್ಕ ಅವನ ಕಡೆ ತಿರುಗಲಿಲ್ಲ. ‘ನಿನಗ ಯಾವಾಗ ಗೊತ್ತಾತು?’ ಎಂದು ನನ್ನನ್ನು ಕೇಳಿದಳು.

‘ಮೊದಲನೇ ಚರಣದಾಗ.’

‘ನಾ ನಿನ್ನ ಕಡೆ ನೋಡಿದಾಗ?’

‘ಗೊತ್ತಿತ್ತು.’

‘ವೈರ್ ಸುತ್ತುವಾಗ?’

‘ಗೊತ್ತಿತ್ತು.’

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಮಿತ್ರಾ ಅವಳ ತೋಳು ಹಿಡಿದುಕೊಂಡಳು.

‘ಯಾಕ ಹೇಳಲಿಲ್ಲ?’

‘ಸರ್ ನನ್ನ ತಗೀತಿದ್ರು ಯಕ್ಕಾ. ಅಂಜಿದೆ. ಅವತ್ತು ಅಂಜಿದಾಂವ ನಾನು. ನೀ ಅಲ್ಲ.’

‘ಹೇಳಿದ್ರ ನಾನ ಸರ್ ಕಾಲು ಹಿಡಿದು ನಿನ್ನ ಉಳಿಸ್ತಿದ್ನೆಲ್ಲೋ, ಹುಚ್ಚಪ್ಪಾ’ ಎಂದಳು. ಅವಳ ಕಣ್ಣು ತುಂಬಿತ್ತು. ಆದರೆ ಅದರ ಹಿಂದೆ ಬೇರೇನೋ ನಡೆಯುತ್ತಿತ್ತು. ಕೈ ತಾನಾಗಿ ಗಂಟಲಿನ ಹತ್ತಿರ ಹೋಯಿತು. ಬಹಳ ದಿನ ಬೀಗ ಹಾಕಿದ ಕೋಣೆಯ ಚಿಲಕ ಮುಟ್ಟಿ ನೋಡುವವರಂತೆ ಅಲ್ಲಿ ಮುಟ್ಟಿ ನೋಡಿಕೊಂಡಳು. ಆಮೇಲೆ ಮಗಳನ್ನು ನೋಡಿ, ‘ಹೋಗು, ಮೈಕ್ ಹಿಡಿದು ನೋಡು. ಎತ್ತರ ಸರಿ ಐತೋ ಇ‍ಲ್ಲೋ ಅಂತ’ ಎಂದಳು.

ಮಿತ್ರಾ ಎದ್ದಳು. ಎರಡು ಹೆಜ್ಜೆ ಹೋಗಿದ್ದಳು, ಅಕ್ಕ ತಡೆದಳು.

‘ನಿಲ್ಲು. ಮೊದಲ ನಿಮ್ಮ ಮಾಮಾ ಹೋಗ್ಲಿ. ಪರಸು, ಅವತ್ತು ಮಂದಿ ಮೈಕಿನ ಮುಂದ ನಕ್ಕಿದ್ರು. ನನಗ ಇಲ್ಲೆ ಕಿವ್ಯಾಗ ಹೇಳಿದ್ರ ಆಗಂಗಿಲ್ಲ. ಮೈಕಿನಾಗ ಹೇಳ್ಬೇಕು. ಆಮ್ಯಾಲ, ಇವತ್ತಿನ ವೈರ್ ನೀನ ಸುತ್ತಬೇಕು ಮತ್ತ.’

‘ಬೆರಳು ಸೆಟದಾವಲ್ಲ ಯಕ್ಕಾ.’

‘ನಿಧಾನ ಸುತ್ತು. ನಾ ಏನ್ ಊರು ಬಿಟ್ಟು ಓಡಿಹೋಗಂಗಿಲ್ಲ.’

ರಫೀಕ ಜೋರಾಗಿ ನಕ್ಕ. ನಾನು ಸ್ಟೇಜಿನ ಮೆಟ್ಟಿಲು ಹತ್ತಿದೆ. ಅಷ್ಟು ವರ್ಷ ಸ್ಟೇಜಿನ ಮೇಲೆ ಕಳೆದವನು ನಾನು. ಆದರೆ ಮೈಕಿನ ಮುಂದೆ ಎಂದೂ ನಿಂತಿರಲಿಲ್ಲ, ಕೀಬೋರ್ಡಿನ ಹಿಂದೆಯೇ ಇದ್ದೆ. ಕೈ ಇಡಲು ಮನೆಗಳಿಲ್ಲದೆ ಎರಡೂ ಕೈಯಿಂದ ಮೈಕಿನ ಸ್ಟ್ಯಾಂಡು ಹಿಡಿದೆ. ಕೆಳಗೆ ಅಕ್ಕ ತಲೆ ಎತ್ತಿ ನೋಡುತ್ತಿದ್ದಳು. ಕಟ್ಟೆಯ ಮೇಲಿನ ಹೆಂಗಸರು ಮಾತು ನಿಲ್ಲಿಸಿದರು. ಕುರ್ಚಿ ಹಾಕುವವರು ಕುರ್ಚಿ ಹಿಡಿದುಕೊಂಡೇ ನಿಂತರು. ಈ ಸಲ ನಾನು ತಲೆ ತಗ್ಗಿಸಲಿಲ್ಲ, ಅವಳನ್ನೇ ನೋಡಿದೆ. ನನ್ನ ದನಿ ಓಣಿಯ ತುದಿಯವರೆಗೆ ಹೋಗಿ ನನಗೇ ತಿರುಗಿ ಕೇಳಿಸಿತು.

‘ಈಕಿ ನಮ್ಮ ಅಕ್ಕ, ಸುಜಾತಾ. ನನಗ ಪೇಟಿ ಕಲಿಸಿದಾಕಿ. ಹಿಂದ ಒಮ್ಮೆ ಸ್ಟೇಜ್ ಮ್ಯಾಲ ಈಕಿ ದನಿ ಒಡೀತು ಅಂತ ಮಂದಿ ನಕ್ಕಿದ್ರು. ಈಕಿ ದನಿ ತಪ್ಪಿರಲಿಲ್ಲ. ಶ್ರುತಿ ತಪ್ಪು ಕೊಟ್ಟಾಂವ ನಾನು, ಗೊತ್ತಿದ್ದೂ ಸುಮ್ಮನಿದ್ದಾಂವ ನಾನು. ತಪ್ಪಾತು ಯಕ್ಕಾ. ನನ್ನ ಕ್ಷಮಾ ಮಾಡು.’